ತವಂದಿ ಘಾಟ್ ಇಳಿಯುವ ಕಾರಿಗೆ ಯಾವ ಪ್ಯಾಡ್, ಯಾವ ಡಿಸ್ಕ್?

ಸಂಕೇಶ್ವರ ದಾಟಿ ನಿಪ್ಪಾಣಿಯ ಕಡೆಗೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 48 ಸ್ತವನಿಧಿ ಜೈನ ಕ್ಷೇತ್ರದ ಹತ್ತಿರ ಇಳಿಜಾರು ಹಿಡಿಯುತ್ತದೆ. ಇದೇ ತವಂದಿ ಘಾಟ್. ಅಂಬೋಲಿ, ಆಗುಂಬೆಗಳ ಮುಂದೆ ಇದು ಚಿಕ್ಕದು. ಆದರೆ ಆ ಘಾಟ್‌ಗಳಲ್ಲಿ ತಿರುವುಗಳೇ ಚಾಲಕನ ಕಾಲನ್ನು ಬ್ರೇಕಿನ ಮೇಲೆ ಇಡಿಸುತ್ತವೆ. ಇಲ್ಲಿ ರಸ್ತೆ ಅಗಲ, ಡಾಂಬರು ನುಣುಪು. ವೇಗ ಏರಿದ್ದು ತಿಳಿಯುವುದೇ ಇಲ್ಲ. ಸರಕು ತುಂಬಿದ ಲಾರಿಗಳು ಕೆಳಗಿನ ಗೇರಿನಲ್ಲಿ ನರಳುತ್ತ ಇಳಿಯುವಾಗ ಸುಟ್ಟ ಲೈನರ್ ವಾಸನೆ ಗಾಳಿಯಲ್ಲಿ ತೇಲುತ್ತದೆ. ಬ್ರೇಕ್ ಫೇಲಾದ ಲಾರಿ ಮುಂದಿನ ವಾಹನಗಳಿಗೆ ಗುದ್ದಿದ ಸುದ್ದಿ ಈ ಭಾಗದ ಓದುಗರಿಗೆ ಹೊಸದಲ್ಲ.

ಇದೇ ಇಳಿಜಾರಿನಲ್ಲಿ ಪುಣೆ, ಮುಂಬೈಗೆ ಹೊರಟ ವೇಗದ ಕಾರುಗಳೂ ಓಡುತ್ತವೆ. ಕೋಟಿ ಬೆಲೆಯ ಪೋರ್ಷೆ ಎಲ್ಲೋ ಒಂದು. ಹೆಚ್ಚಿನವು ಮಧ್ಯಮ ವರ್ಗದ ಕನಸಿನ ಕಾರುಗಳು: ಸೆಕೆಂಡ್ ಹ್ಯಾಂಡ್ ಕೊಂಡ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ, ಹ್ಯುಂಡೈ ಐ20 ಎನ್ ಲೈನ್, ಅಪರೂಪಕ್ಕೆ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಇಂಥ ಕಾರು ಕೊಂಡವರು ಎಂಜಿನ್, ಸೈಲೆನ್ಸರ್, ಅಲಾಯ್ ಗಾಲಿಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಬ್ರೇಕಿನ ಮಾತು ಬರುವುದು ಗಾಲಿಯೊಳಗಿಂದ ಕಿರ್ರೆಂಬ ಸದ್ದು ಕೇಳಿದ ಮೇಲೆ. ಆಗ ಗ್ಯಾರೇಜಿನಲ್ಲಿ ಎರಡು ಬಗೆಯ ಸಲಹೆ ಸಿಗುತ್ತದೆ. ಒಬ್ಬರು ಅತಿ ಅಗ್ಗದ ಪ್ಯಾಡ್ ಹಾಕಿ ಕಳಿಸುತ್ತಾರೆ. ಇನ್ನೊಬ್ಬರು ರೇಸಿನವರು ಬಳಸುವ ಪ್ಯಾಡ್, ತೂತು ಕೊರೆದ ಡಿಸ್ಕ್ ತರಿಸಿ ಎನ್ನುತ್ತಾರೆ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ರಸ್ತೆಗಳಿಗೆ ಇವೆರಡೂ ಸರಿಹೊಂದುವುದಿಲ್ಲ. ಏಕೆಂದರೆ ಈ ರಸ್ತೆಗಳು ಬ್ರೇಕಿನಿಂದ ಕೇಳುವುದೇ ಬೇರೆ.

ವೇಗವೆಲ್ಲ ಶಾಖವಾಗಿ

ಬ್ರೇಕ್ ಮಾಡುವ ಕೆಲಸ ಒಂದೇ: ಓಟದ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸಿ ಗಾಳಿಗೆ ಬಿಡುವುದು. 1,500 ಕಿಲೋ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ಪೂರ್ತಿ ನಿಂತಾಗ ಸುಮಾರು 580 ಕಿಲೋಜೂಲ್ ಶಾಖ ಹುಟ್ಟುತ್ತದೆ. ಒಂದೂಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ಅದು ಕೆಲವೇ ಸೆಕೆಂಡುಗಳಲ್ಲಿ ನಾಲ್ಕು ಗಾಲಿಗಳೊಳಗೆ ಹುಟ್ಟುತ್ತದೆ. ವೇಗ 140 ಆದರೆ ಶಾಖ ಒಂದೂವರೆ ಪಟ್ಟಲ್ಲ, ಹತ್ತಿರಹತ್ತಿರ ಎರಡು ಪಟ್ಟು.

ಕಾರು ನಿಲ್ಲುವಾಗ ಭಾರ ಮುಂದಕ್ಕೆ ವಾಲುವುದರಿಂದ ಸುಮಾರು ಶೇ. 70ರಷ್ಟು ಕೆಲಸ ಮುಂದಿನ ಗಾಲಿಗಳ ಪಾಲಿಗೆ ಬರುತ್ತದೆ. ಮುಂದಿನ ಒಂದೊಂದು ಡಿಸ್ಕ್ 7 ಕಿಲೋ ತೂಗುತ್ತದೆ ಎಂದುಕೊಂಡರೆ, 100ರ ವೇಗದಿಂದ ಒಮ್ಮೆ ನಿಂತಾಗ ಅದರ ಬಿಸಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಒಂದು ಸಲ ನಿಂತರೆ ಚಿಂತೆಯಿಲ್ಲ. ಆರಲು ಬಿಡದೆ ಐದಾರು ಸಲ ನಿಲ್ಲಿಸಿದರೆ ಡಿಸ್ಕ್ 300 ಡಿಗ್ರಿಯತ್ತ ಸಾಗುತ್ತದೆ. ಘಾಟ್ ಇಳಿಯುವಾಗ ಕಾಲು ಪೆಡಲ್ ಮೇಲೆಯೇ ಇದ್ದರೂ ಹೀಗೆಯೇ: ನೂರು ಮೀಟರ್ ಎತ್ತರದಿಂದ ಇಳಿಯುವ ಅದೇ ಕಾರಿನ ಬ್ರೇಕು, 100ರ ವೇಗದಿಂದ ಎರಡೂವರೆ ಸಲ ನಿಂತಷ್ಟು ಶಾಖ ನುಂಗಬೇಕಾಗುತ್ತದೆ. 40 ಟನ್ ಲಾರಿಗೆ ಆ ಲೆಕ್ಕ ಇಪ್ಪತ್ತಾರು ಪಟ್ಟಿಗೂ ಮಿಗಿಲು. ಲಾರಿ ಚಾಲಕರು ಕೆಳಗಿನ ಗೇರ್ ಹಿಡಿಯುವುದು ಅದಕ್ಕೇ. ಭಾರದ ಒಂದು ಪಾಲನ್ನು ಎಂಜಿನ್ನೇ ಹೊರುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಸುವವರು ಎಲ್ಲ ಭಾರವನ್ನೂ ಬ್ರೇಕಿಗೇ ಹೊರಿಸುತ್ತಾರೆ. ಎಂಜಿನ್ನೇ ಬಂದ್ ಮಾಡಿದರಂತೂ ಬ್ರೇಕ್ ಬೂಸ್ಟರ್ ಎರಡು ಮೂರು ಒತ್ತಿಗೆ ಖಾಲಿಯಾಗಿ ಪೆಡಲ್ ಕಲ್ಲಿನಂತಾಗುತ್ತದೆ.

ಬೂಟಿನ ಚರ್ಮದಿಂದ ಲೆ ಮಾನ್ ರೇಸಿನವರೆಗೆ

ಚಪ್ಪಲಿಗೆ ಹೆಸರಾದ ಅಥಣಿಯವರಿಗೆ ಬ್ರೇಕ್ ಪ್ಯಾಡಿನ ಹುಟ್ಟಿನ ಕಥೆ ಹಿಡಿಸೀತು. 19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಡಾರ್ಬಿಶೈರ್ ಗುಡ್ಡಗಾಡಿನ ಕುದುರೆಗಾಡಿಯವರು ಇಳಿಜಾರಿನಲ್ಲಿ ಗಾಲಿಗೆ ಒತ್ತುವ ಮರದ ಬ್ರೇಕಿಗೆ ಹಳೆಯ ಬೂಟಿನ ಚರ್ಮ ಸೇರಿಸಿ ಹಿಡಿತ ಹೆಚ್ಚಿಸಿಕೊಳ್ಳುತ್ತಿದ್ದರು. ಅದನ್ನು ಗಮನಿಸಿದ ಹರ್ಬರ್ಟ್ ಫ್ರೂಡ್ 1897ರಲ್ಲಿ ಘರ್ಷಣೆಗೆಂದೇ ವಸ್ತು ತಯಾರಿಸಲು ಕೂತರು. ಇಂದಿಗೂ ಪ್ಯಾಡ್ ಮಾರುವ ಫೆರೋಡೊ ಕಂಪನಿ ಹುಟ್ಟಿದ್ದು ಹೀಗೆ. 1902ರಲ್ಲಿ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದರು. ಆದರೆ ಲೋಕ ಅದನ್ನು ನಂಬಿದ್ದು ಐವತ್ತು ವರ್ಷದ ಮೇಲೆ. 1953ರಲ್ಲಿ ಫ್ರಾನ್ಸಿನ ಲೆ ಮಾನ್‌ನ 24 ಗಂಟೆಗಳ ರೇಸಿನಲ್ಲಿ ಡನ್‌ಲಪ್ ಡಿಸ್ಕ್ ಬ್ರೇಕ್ ಹೊತ್ತ ಜಾಗ್ವಾರ್ ಸಿ-ಟೈಪ್ ಗೆದ್ದಿತು. ಡ್ರಮ್ ಬ್ರೇಕಿನ ಕಾರುಗಳು ತಿರುವಿಗೆ ಬಹಳ ಮೊದಲೇ ವೇಗ ಇಳಿಸಬೇಕಿತ್ತು. ಜಾಗ್ವಾರ್ ತಿರುವಿನ ಹತ್ತಿರದವರೆಗೂ ಓಡಿ, ಸುತ್ತು ಸುತ್ತಿಗೂ ಅದೇ ಬಲದಲ್ಲಿ ನಿಲ್ಲುತ್ತಿತ್ತು. ಡ್ರಮ್ಮಿನ ಶಾಖ ಒಳಗೇ ಸಿಕ್ಕಿಕೊಳ್ಳುತ್ತದೆ, ಡಿಸ್ಕಿನ ಶಾಖ ಗಾಳಿಗೆ ಹೋಗುತ್ತದೆ. ಗೆಲುವಿನ ಗುಟ್ಟು ಅದೇ.

ಡಿಸ್ಕ್ ಎಂಬ ಎರಕದ ತಟ್ಟೆ

ರೋಟರ್ ಎಂದು ಕಂಪನಿಯವರು ಕರೆಯುವುದನ್ನು ಗ್ಯಾರೇಜಿನವರು ಡಿಸ್ಕ್ ಎನ್ನುತ್ತಾರೆ. ಇದು ಬೂದು ಎರಕದ ಕಬ್ಬಿಣ. ಅದರೊಳಗೆ ಗ್ರಾಫೈಟ್ ತೆಳು ಹಾಳೆಗಳಾಗಿ ಹರಡಿಕೊಂಡಿರುತ್ತದೆ. ಈ ಹಾಳೆಗಳು ಶಾಖವನ್ನು ಬೇಗ ಹರಿಸುತ್ತವೆ, ನಡುಕವನ್ನು ನುಂಗುತ್ತವೆ. ಉಕ್ಕು ಗಟ್ಟಿಯಾದರೂ ಕಾರಿನ ಡಿಸ್ಕಿಗೆ ಎರಕದ ಕಬ್ಬಿಣವನ್ನೇ ಆರಿಸುವುದಕ್ಕೆ ಕಾರಣ ಇದು.

ಎರಕದ ವಿಷಯದಲ್ಲಿ ಈ ಐದು ತಾಲ್ಲೂಕುಗಳ ನೆರೆಹೊರೆ ದೇಶದಲ್ಲೇ ಹೆಸರುವಾಸಿ. ದಕ್ಷಿಣಕ್ಕೆ ಬೆಳಗಾವಿಯ ಉದ್ಯಮಬಾಗ, ಮಚ್ಛೆ; ಉತ್ತರಕ್ಕೆ ಗಡಿಯಾಚೆ ಕಾಗಲ್, ಗೋಕುಲ ಶಿರಗಾಂವ, ಶಿರೋಲಿ. ಎರಡೂ ಕಡೆ ವಾಹನಗಳ ಬಿಡಿಭಾಗ ಎರಕ ಹೊಯ್ಯುವ ಫೌಂಡ್ರಿಗಳ ಸಾಲು. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಮುಂದೆ ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಸಾಂಗಲಿ ಸೀಮೆಯ ಕಿರ್ಲೋಸ್ಕರ್‌ವಾಡಿಗೆ ಹೋದರು. ಕೊಲ್ಹಾಪುರದ ಫೌಂಡ್ರಿಗಳು ಬೆಳೆದದ್ದು ಹೊಲಕ್ಕೆ ನೀರೆತ್ತುವ ಆಯಿಲ್ ಎಂಜಿನ್ನುಗಳ ಬೇಡಿಕೆಯಿಂದ. ಕಬ್ಬಿನ ಸೀಮೆಯ ಬೇಸಾಯವೇ ಇಲ್ಲಿಯ ಎರಕದ ಕುಲುಮೆಗಳಿಗೆ ಮೊದಲ ಕೆಲಸ ಕೊಟ್ಟಿತು.

ಕೊಳ್ಳುವವರ ಮುಂದೆ ಮೂರು ನಾಲ್ಕು ಬಗೆಯ ಡಿಸ್ಕ್ ಬರುತ್ತವೆ. ಒಂದೇ ದಪ್ಪ ತಟ್ಟೆಯದು ಸಾದಾ ಡಿಸ್ಕ್, ಸಾಮಾನ್ಯವಾಗಿ ಹಿಂದಿನ ಗಾಲಿಗೆ. ಎರಡು ತಟ್ಟೆಗಳ ನಡುವೆ ಗಾಳಿ ಹಾಯುವ ಸಂದುಗಳಿರುವುದು ವೆಂಟಿಲೇಟೆಡ್ ಡಿಸ್ಕ್. ಇಂದಿನ ವೇಗದ ಕಾರುಗಳ ಮುಂದಿನ ಗಾಲಿಗೆ ಇದೇ ಇರುತ್ತದೆ. ಮೂರನೆಯದು ತೂತು ಕೊರೆದದ್ದು. ಹಳೆಯ ಕಾಲದ ಪ್ಯಾಡುಗಳು ಕಾದಾಗ ಅನಿಲ ಬಿಡುತ್ತಿದ್ದವು. ಆ ಅನಿಲ ಹೊರಹೋಗಲು ತೂತು ಬೇಕಿತ್ತು. ಈಗಿನ ಪ್ಯಾಡುಗಳಿಗೆ ಆ ತೊಂದರೆ ಅಷ್ಟಿಲ್ಲ. ಮಳೆಯಲ್ಲಿ ತೂತುಗಳಿಂದ ಸ್ವಲ್ಪ ಅನುಕೂಲವಿದೆ. ಆದರೆ ಮತ್ತೆ ಮತ್ತೆ ಕಾದು ಆರುವಾಗ ಬಿರುಕು ಶುರುವಾಗುವುದು ತೂತಿನ ಅಂಚಿನಿಂದಲೇ, ಅಗ್ಗದ ಡಿಸ್ಕಿನಲ್ಲಂತೂ ಬಲುಬೇಗ. ನಾಲ್ಕನೆಯದು ಗೀರು ಹಾಕಿದ್ದು. ಗೀರುಗಳು ಪ್ಯಾಡಿನ ಮುಖವನ್ನು ಕೆರೆದು ಸ್ವಚ್ಛ ಇಡುತ್ತವೆ, ಜೊತೆಗೆ ಪ್ಯಾಡನ್ನು ಬೇಗ ಸವೆಸುತ್ತವೆ, ಸದ್ದೂ ಮಾಡುತ್ತವೆ. ಇವೆಲ್ಲದರ ಮೇಲೆ ಕಾರ್ಬನ್ ಸೆರಾಮಿಕ್ ಡಿಸ್ಕ್ ಇದೆ. 2001ರ ಪೋರ್ಷೆ 911 ಜಿಟಿ2ಗೆ ಕಂಪನಿಯೇ ಕೂರಿಸಿ ಕೊಟ್ಟಿತ್ತು. ಬಲು ಹಗುರ, ಬಿಸಿಗೆ ಬಗ್ಗದು. ಬೆಲೆ ಮಾತ್ರ ಲಕ್ಷಗಳಲ್ಲಿ.

ನಿತ್ಯದ ಓಡಾಟಕ್ಕೆ ಕಾರಿನ ಕಂಪನಿ ಹೇಳಿದ ಅಳತೆಯ, ಒಳ್ಳೆಯ ಹೆಸರಿನ, ತೂತಿಲ್ಲದ ವೆಂಟಿಲೇಟೆಡ್ ಡಿಸ್ಕ್ ಸಾಕು. ದೊಡ್ಡ ಡಿಸ್ಕ್ ಹಾಕಿದರೆ ಕಾರು ಬೇಗ ನಿಲ್ಲುತ್ತದೆ ಎಂಬ ನಂಬಿಕೆ ಅರ್ಧ ನಿಜ. ಕಾರನ್ನು ಕೊನೆಗೆ ಹಿಡಿದು ನಿಲ್ಲಿಸುವುದು ಟೈರ್. ಈಗಿರುವ ಬ್ರೇಕೇ ಗಾಲಿಯನ್ನು ಲಾಕ್ ಮಾಡುವಷ್ಟು, ಎಬಿಎಸ್ ಕೆಲಸಕ್ಕೆ ಇಳಿಯುವಷ್ಟು ಬಲವಾಗಿದ್ದರೆ ಡಿಸ್ಕ್ ಎಷ್ಟು ದೊಡ್ಡದಾದರೂ ಒಂದು ಸಲದ ನಿಲುಗಡೆ ಗಿಡ್ಡವಾಗುವುದಿಲ್ಲ. ದೊಡ್ಡ ಡಿಸ್ಕಿನ ಲಾಭ ಸಾಲುಸಾಲಾಗಿ ನಿಲ್ಲಿಸುವಾಗ ಶಾಖ ತಡೆಯುವುದರಲ್ಲಿ. ಮುಂದೆ ಮಾತ್ರ ದೊಡ್ಡದು ಹಾಕಿ ಹಿಂದೆ ಹಾಗೇ ಬಿಟ್ಟರೆ ಎರಡರ ನಡುವಿನ ಹೊಂದಾಣಿಕೆಯೂ ಕೆಡುತ್ತದೆ.

ಪ್ಯಾಡಿನ ಬೆನ್ನಿನ ಎರಡು ಅಕ್ಷರ

ಪ್ಯಾಡುಗಳಲ್ಲಿ ಮುಖ್ಯವಾಗಿ ಮೂರು ಜಾತಿ. ನಾರು, ರಬ್ಬರ್, ರಾಳ ಬೆರೆಸಿದ ಆರ್ಗ್ಯಾನಿಕ್ ಪ್ಯಾಡ್ ಮೆತ್ತಗೆ, ಸದ್ದಿಲ್ಲ, ಅಗ್ಗ. ಬಿಸಿಯಾದರೆ ಬೇಗ ಸೋಲುತ್ತದೆ. ಉಕ್ಕಿನ ಎಳೆ, ಕಬ್ಬಿಣದ ಪುಡಿ ಹೆಚ್ಚಿರುವ ಸೆಮಿ ಮೆಟಾಲಿಕ್ ಪ್ಯಾಡ್ ಬಿಸಿ ತಡೆಯುತ್ತದೆ. ಧೂಳು, ಸದ್ದು, ಡಿಸ್ಕಿನ ಸವೆತ ಜಾಸ್ತಿ. ಸೆರಾಮಿಕ್ ಪ್ಯಾಡ್ ಶಾಂತ, ಗಾಲಿ ಕಪ್ಪಾಗುವುದಿಲ್ಲ, ಬಾಳಿಕೆ ಬರುತ್ತದೆ. ಇವುಗಳಾಚೆ ರೇಸಿನ ಪ್ಯಾಡ್ ಇದೆ. ಅದು ತನ್ನ ಪೂರ್ತಿ ಹಿಡಿತ ತೋರಿಸುವುದು ನೂರಾರು ಡಿಗ್ರಿ ಕಾದ ಮೇಲೆಯೇ.

ಬಹಳಷ್ಟು ಪ್ಯಾಡುಗಳ ಅಂಚಿನಲ್ಲೋ ಬೆನ್ನಿನಲ್ಲೋ ಒಂದು ಸಾಲು ಅಚ್ಚಾಗಿರುತ್ತದೆ. ಅದರ ಕೊನೆಯ ಎರಡು ಇಂಗ್ಲಿಷ್ ಅಕ್ಷರಗಳನ್ನು ಓದಲು ಕಲಿತರೆ ಅಂಗಡಿಯಲ್ಲಿ ಅರ್ಧ ಗೊಂದಲ ಕರಗುತ್ತದೆ. ಮೊದಲ ಅಕ್ಷರ ತಣ್ಣಗಿದ್ದಾಗಿನ ಹಿಡಿತ, ಎರಡನೆಯದು ಕಾದಾಗಿನ ಹಿಡಿತ. ‘ಇ’ ಎಂದರೆ ಘರ್ಷಣೆಯ ಅಂಕ 0.25ರಿಂದ 0.35, ‘ಎಫ್’ 0.35ರಿಂದ 0.45, ‘ಜಿ’ 0.45ರಿಂದ 0.55. ‘ಎಫ್‌ಎಫ್’ ಎಂದಿದ್ದರೆ ತಣ್ಣಗೂ ಬಿಸಿಗೂ ಒಂದೇ ದರ್ಜೆ. ‘ಎಫ್‌ಇ’ ಎಂದಿದ್ದರೆ ಕಾದಂತೆ ಹಿಡಿತ ಇಳಿಯುತ್ತದೆ. ಘಾಟ್ ರಸ್ತೆಯವರಿಗೆ ಅದು ಬೇಡ. ಈ ಅಕ್ಷರಗಳು ಬಾಳಿಕೆಯನ್ನಾಗಲಿ ಗುಣಮಟ್ಟವನ್ನಾಗಲಿ ಹೇಳುವುದಿಲ್ಲ, ಹಿಡಿತವನ್ನಷ್ಟೇ ಹೇಳುತ್ತವೆ. ವಿದೇಶಿ ಪ್ಯಾಡುಗಳ ಮೇಲೆ ವೃತ್ತದೊಳಗಿನ ‘ಇ’ ಅಕ್ಷರದ ಜೊತೆ ‘90ಆರ್’ ಎಂದಿದ್ದರೆ, ಅದು ಮೂಲ ಪ್ಯಾಡಿನ ಹಿಡಿತಕ್ಕಿಂತ ಶೇ. 15ಕ್ಕಿಂತ ಹೆಚ್ಚು ಆಚೀಚೆ ಇಲ್ಲ ಎಂದು ಪರೀಕ್ಷೆಯಾದ ಗುರುತು.

ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಯಾವ ಪ್ಯಾಡಿನ ಧೂಳೇ ಇರಲಿ, ಕಂಪ್ರೆಸರ್ ಗಾಳಿಯಿಂದ ಊದಿ ಹಾರಿಸುವ ರೂಢಿಯನ್ನು ಗ್ಯಾರೇಜುಗಳು ಬಿಡಬೇಕು. ಆ ಧೂಳನ್ನು ಮೊದಲು ಕುಡಿಯುವುದು ಗಾಲಿ ಬಿಚ್ಚುವ ಹುಡುಗನ ಎದೆ. ಬ್ರೇಕ್ ಕ್ಲೀನರ್ ಹೊಡೆದು ಬಟ್ಟೆಯಿಂದ ಒರೆಸಿದರೆ ಕೆಲಸ ಮುಗಿಯುತ್ತದೆ.

ಕಬ್ಬಿನ ಹಂಗಾಮು, ಕೃಷ್ಣೆಯ ನೆರೆ

ಈಗ ಮೊದಲಿನ ಪ್ರಶ್ನೆಗೆ ಬರಬೇಕು. ಈ ತಾಲ್ಲೂಕುಗಳ ರಸ್ತೆಗೆ ಎಂಥ ಪ್ಯಾಡ್ ಬೇಕು?

ಚಳಿಗಾಲದ ಒಂದು ರಾತ್ರಿ ಉಗಾರದಿಂದ ಕಾಗವಾಡಕ್ಕೆ, ಇಲ್ಲವೇ ಚಿಕ್ಕೋಡಿಯಿಂದ ಅಂಕಲಿಗೆ ಹೊರಟವರಿಗೆ ಇದರ ಉತ್ತರ ದಾರಿಯಲ್ಲೇ ಸಿಗುತ್ತದೆ. ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಸ್ತೆ ತುಂಬ. ಎಷ್ಟೋ ಟ್ರೇಲರಿಗೆ ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಮೇಲೆ ಕಬ್ಬಿನ ರವದಿ ಜೋತುಬಿದ್ದಿರುತ್ತದೆ. ಹತ್ತು ನಿಮಿಷ ಬ್ರೇಕ್ ಮುಟ್ಟದೆ 80ರಲ್ಲಿ ಬಂದ ಕಾರಿಗೆ ಕತ್ತಲಲ್ಲಿ ಕಬ್ಬಿನ ಗೋಡೆ ಎದುರಾಗುತ್ತದೆ. ಚಾಲಕ ನೋಡಿ ಪೆಡಲ್ ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಹೋದರೆ ಕಾರು 22 ಮೀಟರ್ ಮುಂದೆ ಹೋಗಿರುತ್ತದೆ. ಒಣ ಡಾಂಬರಿನಲ್ಲಿ ಒಳ್ಳೆಯ ಬ್ರೇಕು, ಒಳ್ಳೆಯ ಟೈರ್ ಇದ್ದರೂ ಪೂರ್ತಿ ನಿಲ್ಲಲು ಇನ್ನೂ 30 ಮೀಟರ್ ಬೇಕು.

ಆ ಕ್ಷಣದಲ್ಲಿ ಡಿಸ್ಕ್ ತಣ್ಣಗಿರುತ್ತದೆ. ರೇಸಿನ ಪ್ಯಾಡ್ ಹಿಡಿತ ಕಳೆದುಕೊಳ್ಳುವುದು ಅಲ್ಲಿಯೇ. ಮೊದಲ ಒತ್ತಿಗೇ ಕಚ್ಚುವ, ಜೊತೆಗೆ ತವಂದಿ ಘಾಟಿನಲ್ಲಿ 300 ಡಿಗ್ರಿ ಏರಿದರೂ ಹಿಡಿತ ಬಿಡದ ಪ್ಯಾಡ್ ಬೇಕು. ಎರಡೂ ಗುಣ ಸೇರಿರುವುದು ರಸ್ತೆಗೆಂದೇ ಮಾಡಿದ ಉತ್ತಮ ದರ್ಜೆಯ ಸೆರಾಮಿಕ್ ಅಥವಾ ಸೆಮಿ ಮೆಟಾಲಿಕ್ ಪ್ಯಾಡುಗಳಲ್ಲಿ. ಕಂಪನಿಯ ಮೂಲ ಪ್ಯಾಡ್, ಇಲ್ಲವೇ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು: ಆಯ್ಕೆ ಅಲ್ಲಿಗೆ ಮುಗಿಯಬೇಕು.

ಎರಡನೆಯ ಸಂಗತಿ ನೀರು. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈನಲ್ಲಿ ವೇದಗಂಗೆ ಉಕ್ಕಿ ನಿಪ್ಪಾಣಿ ಹತ್ತಿರದ ಯಮಗರ್ಣಿ ಬಳಿ ಹೆದ್ದಾರಿಯೇ ಬಂದಾಯಿತು. ಕೃಷ್ಣೆ ಏರಿದರೆ ಕುಡಚಿ–ಉಗಾರ ಸೇತುವೆ ಮುಳುಗುವುದು ಇಲ್ಲಿಯವರಿಗೆ ಗೊತ್ತೇ ಇದೆ. ನೆರೆ ನೀರಿನಲ್ಲಿ ಹಾಯ್ದ ಕಾರಿನ ಡಿಸ್ಕ್ ಮೇಲೆ ನೀರಿನ ಪದರ ಕೂರುತ್ತದೆ. ಮೆಲ್ಲಗೆ ಓಡಿಸುತ್ತ ಪೆಡಲನ್ನು ಹಗುರಾಗಿ ನಾಲ್ಕಾರು ಸಲ ಒತ್ತಿದರೆ ಒಣಗುತ್ತದೆ. ಪೋಲೋದಂತೆ ಹಿಂದೆ ಡ್ರಮ್ ಇರುವ ಕಾರಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ಮುಳುಗಿ ನಿಂತಿದ್ದ ಕಾರಿನ ಕಥೆ ಬೇರೆ. ಗೋಡಿನ ಸಣ್ಣ ಮಣ್ಣು, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ನುಗಳೊಳಗೆ ಸೇರಿ ಗಟ್ಟಿಯಾಗುತ್ತದೆ. ಆಮೇಲೆ ಒಳಗಿನ ಪ್ಯಾಡ್ ಪೂರ್ತಿ ಸವೆದು ಹೊರಗಿನದು ಹೊಸದರಂತೆ ಉಳಿಯುತ್ತದೆ. ಇಂಥ ಕಾರಿಗೆ ಪಿನ್ ಬಿಚ್ಚಿ ತೊಳೆದು ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚದೆ ಹೊಸ ಪ್ಯಾಡ್ ಹಾಕಿದರೆ ಕೊಟ್ಟ ದುಡ್ಡು ದಂಡ.

ಬ್ರೇಕ್ ಆಯಿಲ್ ಕೂಡ ನೀರು ಹೀರುತ್ತದೆ, ಗಾಳಿಯ ತೇವದಿಂದಲೇ. ಹೊಸ ಡಾಟ್ 4 ದರ್ಜೆಯ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬ ನಿಯಮವಿದೆ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ ಇದೇ ಅಂಕಗಳು 205 ಮತ್ತು 140, ಡಾಟ್ 5.1ಕ್ಕೆ 260 ಮತ್ತು 180. ಘಾಟಿನಲ್ಲಿ ಕ್ಯಾಲಿಪರ್ ಕಾದು ಆಯಿಲ್ ಕುದಿದರೆ ಗುಳ್ಳೆ ಏಳುತ್ತವೆ, ಪೆಡಲ್ ನೆಲಕ್ಕೆ ಇಳಿಯುತ್ತದೆ. ಎಷ್ಟು ಒಳ್ಳೆಯ ಪ್ಯಾಡೂ ಆಗ ಉಪಯೋಗಕ್ಕೆ ಬಾರದು. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ತೂತಿನ ಡಿಸ್ಕಿಗಿಂತ ಎಷ್ಟೋ ಪಾಲು ಲಾಭದ ಖರ್ಚು.

ಗ್ಯಾರೇಜಿನಲ್ಲಿ ಕೇಳಬೇಕಾದ್ದು

“ಅಣ್ಣಾರ, ಬ್ರೇಕ್ ಸರಿ ಹತ್ತವಲ್ವು, ಪ್ಯಾಡ್ ಬದಲಿ ಮಾಡ್ರಿ.” ಗ್ಯಾರೇಜಿಗೆ ಬರುವವರ ಮಾತು ಸಾಮಾನ್ಯವಾಗಿ ಇಷ್ಟೇ. ಒಳ್ಳೆಯ ಮಿಸ್ತ್ರಿ ಕೂಡಲೇ ಪ್ಯಾಡ್ ತರಿಸುವುದಿಲ್ಲ. “ಮೊದ್ಲ ಗಾಲಿ ಬಿಚ್ಚಿ ನೋಡೋಣ್ರಿ” ಎನ್ನುತ್ತಾನೆ. ಪ್ಯಾಡಿನ ಸವೆಯುವ ಭಾಗ 3 ಮಿ.ಮೀ.ಗೆ ಬಂದಿದ್ದರೆ ಬದಲಿಸುವ ಕಾಲ. ಡಿಸ್ಕಿನ ಮೇಲೆ ಕನಿಷ್ಠ ದಪ್ಪದ ಅಂಕ ಅಚ್ಚಾಗಿರುತ್ತದೆ. ಹೊಸದಾಗಿ 22 ಮಿ.ಮೀ. ಇದ್ದ ಡಿಸ್ಕಿಗೆ 19 ಎಂದಿದ್ದರೆ, ಅಳತೆ ಅದರ ಹತ್ತಿರ ಬಂದಾಗ ಲೇಥ್‌ಗೆ ಕೊಡುವುದು ತಪ್ಪು. ತೆಳುವಾದ ಡಿಸ್ಕ್ ಬೇಗ ಕಾಯುತ್ತದೆ, ಬೇಗ ಬಿರಿಯುತ್ತದೆ. ಪ್ಯಾಡಾಗಲಿ ಡಿಸ್ಕಾಗಲಿ ಎಡಬಲ ಎರಡೂ ಒಟ್ಟಿಗೇ ಬದಲಾಗಬೇಕು. ಒಂದೇ ಕಡೆ ಹೊಸದಿದ್ದರೆ ಕಾರು ಪಕ್ಕಕ್ಕೆ ಎಳೆಯುತ್ತದೆ.

ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ “ಡಿಸ್ಕ್ ಬೆಂಡ್ ಆಗೇತಿ” ಎಂಬ ತೀರ್ಪು ಬರುತ್ತದೆ. ಬಹುಪಾಲು ಪ್ರಸಂಗದಲ್ಲಿ ಡಿಸ್ಕ್ ಬಾಗಿರುವುದಿಲ್ಲ. ಪ್ಯಾಡಿನ ವಸ್ತು ಅದರ ಮೇಲೆ ಒಂದೆಡೆ ದಪ್ಪ, ಒಂದೆಡೆ ತೆಳುವಾಗಿ ಅಂಟಿರುತ್ತದೆ. ಇಲ್ಲವೇ ಡಿಸ್ಕ್ ಕೂರುವ ಹಬ್ಬಿನ ಮೇಲೆ ತುಕ್ಕಿನ ಚೂರು ಉಳಿದು ಡಿಸ್ಕ್ ಓರೆಯಾಗಿ ತಿರುಗುತ್ತಿರುತ್ತದೆ. ಈ ಓರೆ ಮಿಲಿಮೀಟರಿನ ಹತ್ತನೇ ಒಂದು ಭಾಗ ಆದರೂ ಕೈಗೆ ತಿಳಿಯುತ್ತದೆ. ಹೊಸ ಡಿಸ್ಕ್ ಕೂರಿಸುವ ಮೊದಲು ಹಬ್ಬನ್ನು ತಂತಿ ಬ್ರಷ್ಷಿನಿಂದ ಉಜ್ಜಿಸುವುದು, ಬೋಲ್ಟುಗಳನ್ನು ಎದುರುಬದುರಾಗಿ, ಟಾರ್ಕ್ ಪಾನಾದಿಂದ ಸಮನಾಗಿ ಬಿಗಿಸುವುದು ಹತ್ತು ನಿಮಿಷದ ಕೆಲಸ. ಗ್ರಾಹಕರು ಪಕ್ಕದಲ್ಲಿ ನಿಂತು ಮಾಡಿಸಿಕೊಳ್ಳಬೇಕು.

ಹೊಸ ಪ್ಯಾಡು ಹೊಸ ಡಿಸ್ಕಿಗೆ ಹೊಂದಿಕೊಳ್ಳಲು ಸಮಯ ಬೇಕು. ಚಿಕ್ಕೋಡಿಯಿಂದ ನಸುಕಿನಲ್ಲಿ ಖಾಲಿ ರಸ್ತೆಗೆ ಹೊರಟು, ಹಿಂದೆ ಮುಂದೆ ಯಾರೂ ಇಲ್ಲದ್ದನ್ನು ನೋಡಿಕೊಂಡು, 60ರ ವೇಗದಿಂದ 10ಕ್ಕೆ ಹದವಾಗಿ ಇಳಿಸಬೇಕು. ಹೀಗೆ ಎಂಟು ಹತ್ತು ಸಲ, ಪೂರ್ತಿ ನಿಲ್ಲಿಸದೆ. ಬಿಸಿಯಾದ ಪ್ಯಾಡನ್ನು ಒತ್ತಿ ಹಿಡಿದು ನಿಂತರೆ ಅದೇ ಜಾಗದಲ್ಲಿ ಅಂಟಿನ ಗುರುತು ಕೂರುತ್ತದೆ. ಆಮೇಲೆ ಹತ್ತು ಕಿ.ಮೀ. ಬ್ರೇಕ್ ಹೆಚ್ಚು ಮುಟ್ಟದೆ ಓಡಿಸಿ ಆರಿಸಬೇಕು. ಪ್ಯಾಡಿನ ಕಂಪನಿ ಡಬ್ಬದ ಮೇಲೆ ಬೇರೆ ಕ್ರಮ ಬರೆದಿದ್ದರೆ ಅದನ್ನೇ ಪಾಲಿಸಬೇಕು.

ಕೆಲವು ದಿನ ಕಳೆದ ಮೇಲೆ ಒಮ್ಮೆ ತವಂದಿ ಘಾಟನ್ನು ಮೂರನೇ ಗೇರಿನಲ್ಲಿ ಇಳಿದು, ನಿಪ್ಪಾಣಿ ಹತ್ತಿರ ಸುರಕ್ಷಿತ ಜಾಗ ನೋಡಿ ಕಾರು ನಿಲ್ಲಿಸಬೇಕು. ಮುಂದಿನ ಎರಡೂ ಗಾಲಿಗಳ ಹತ್ತಿರ, ಮುಟ್ಟದೆ, ಅಂಗೈ ಹಿಡಿದು ನೋಡಬೇಕು. ಎರಡೂ ಕಡೆ ಒಂದೇ ಹದದ ಝಳ ಬಂದರೆ ಕೆಲಸ ಸರಿಯಾಗಿದೆ. ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ಕೈ ಹಿಡಿಯಲಾಗದಷ್ಟು ಬಿಸಿ ಇದ್ದರೆ ಆ ಕಡೆಯ ಕ್ಯಾಲಿಪರ್ ಸಿಕ್ಕಿಕೊಂಡಿದೆ. ಕೊಲ್ಹಾಪುರಕ್ಕೆ ಇನ್ನೂ ಸುಮಾರು 40 ಕಿ.ಮೀ. ಇದೆ, ಆದರೆ ಕಾರನ್ನು ಆರಲು ಬಿಟ್ಟು, ನಿಪ್ಪಾಣಿಯ ಗ್ಯಾರೇಜಿನಲ್ಲೇ ಆ ಗಾಲಿ ಬಿಚ್ಚಿಸಿ ನೋಡಬೇಕು.